ಮಳೆ ಲೆಕ್ಕ ಬಿಟ್ಟೆ, ಹೆಸರು ಬೆಳೆಗೆ ಅಪಾಯದ ವಾರ ಯಾವುದು ಅಂತ ಹಿಡಿದೆ

ಈ ಸಲ ಮಘೆ ಮಳೆ (ಆಗಸ್ಟ್ ಕೊನೆಯ ಎರಡು ವಾರದ ನಕ್ಷತ್ರದ ಮಳೆ) ಬಿಡದೆ ಹಿಡಿದರೂ ನನ್ನ ಹೆಸರುಕಾಳಿನ ಬೆಳೆ ಪೂರ್ತಿ ಕೆಡಲಿಲ್ಲ. ನವಲಗುಂದ ಕಡೆ ಎರಿ (ಕಪ್ಪು ಮಣ್ಣಿನ) ಹೊಲ ಇರುವವರಿಗೆ ಇದರ ಬೆಲೆ ಗೊತ್ತು.

ವರ್ಷಕ್ಕೆ ಎಷ್ಟು ಮಳೆಯಾಯಿತು ಅಂತ ನೋಡಿ ಏನೂ ಪ್ರಯೋಜನ ಇಲ್ಲ, ಕಾಯಿ ಮಾಗಿದ ವಾರ ಮಳೆ ಬಂತಾ ಅನ್ನುವುದೇ ಮುಖ್ಯ. ಮಳೆ ಚೆನ್ನಾಗಿ ಆದ ವರ್ಷವೇ ನಾನು ಜಾಸ್ತಿ ಕಳೆದುಕೊಂಡಿದ್ದೇನೆ. ಕಾಯಿ ಕಪ್ಪಾಗಿ ಒಣಗಿದ ಮೇಲೆ ಎರಡು-ಮೂರು ದಿನ ಜಿಟಿಜಿಟಿ ಹಿಡಿದರೆ ಮುಗೀತು. ಹೊರಗಿನಿಂದ ಏನೂ ಕಾಣಲ್ಲ, ಬಿಡಿಸಿದರೆ ಒಳಗೆ ಕಾಳು ಉಬ್ಬಿ, ಬಿಳಿ ಮೊಳಕೆ ಸಿಪ್ಪೆಗೆ ಒತ್ತಿಕೊಂಡು ಮಡಚಿರುತ್ತದೆ. 2024-25ರಲ್ಲಿ ಹೆಸರಿಗೆ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲಿಗೆ 8,682 ರೂಪಾಯಿ ಇತ್ತು. ಬಣ್ಣಗೆಟ್ಟ ಕಾಳನ್ನು ಆ ಬೆಲೆಗೆ ಯಾರು ಕೇಳುತ್ತಾರೆ? ಐದು ಸಾವಿರದ ಆಸುಪಾಸಿಗೆ ಕೊಟ್ಟು ಬಂದೆ, ಕೂಲಿ ಕಳೆದರೆ ಎಕರೆಗೆ ಮೂರು ಸಾವಿರವೂ ಉಳಿಯಲಿಲ್ಲ.

ಆಮೇಲೆ ಒಂದೊಂದು ಹೊಲಕ್ಕೆ ಒಂದೊಂದು ಪುಟ ಇಟ್ಟೆ. ಹೂವು ಯಾವ ಮಳೆಗೆ, ಕಾಯಿ ಯಾವ ಮಳೆಗೆ, ನೀರು ಎಲ್ಲಿ ನಿಂತಿತು, ಇಷ್ಟೇ. ನಾವು ಹಾಕುತ್ತಿದ್ದ ಹಳೇ ತಳಿ ಕಂತು ಕಂತಾಗಿ ಮಾಗುತ್ತದೆ. ಎರಡನೇ ಕಂತಿಗೆ ಕಾಯುತ್ತಾ ಮೊದಲನೆಯದನ್ನು ಮಳೆಗೆ ಒಪ್ಪಿಸುತ್ತೇವೆ, ಅಲ್ವಾ? ಜುಲೈನಲ್ಲಿ ಹಸಿರು ನೋಡಿ ಖುಷಿಪಡುವಾಗ ಈ ದೌರ್ಬಲ್ಯ ಕಾಣುವುದೇ ಇಲ್ಲ.

ಹಾಗಾಗಿ ಅರ್ಧ ಹೊಲಕ್ಕೆ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಡಿಜಿಜಿವಿ-2 ಅನ್ನುವ ಹೆಸರು ತಳಿ ಹಾಕಿದೆ, ಅದು ಒಟ್ಟಿಗೆ ಮಾಗುತ್ತದೆ. ಉಳಿದದ್ದನ್ನು ಒಂದು ಮಳೆ, ಅಂದರೆ ಎರಡು ವಾರದಷ್ಟು, ತಡೆದು ಬಿತ್ತಿದೆ. ನೀರು ನಿಲ್ಲುವ ತಗ್ಗಿಗೆ ಹೆಸರೇ ಬೇಡ ಅಂತ ಹಿಂಗಾರಿ ಕಡಲೆಗೆ ಬಿಟ್ಟೆ. "ಒಂದೇ ಹದಕ್ಕ ಬಿತ್ತೂದು ಬಿಟ್ಟು ಇದೇನೋ ತಮ್ಮಾ, ಹೊಲಾ ತುಂಡ ಮಾಡ್ಕೊಂಡ ಕುಂತಿ?" ಅಂತ ದೊಡ್ಡಪ್ಪನೇ ಬೈದಿದ್ದರು. ರಾಶಿ ಆದ ಮೇಲೆ ಕಾಳು ಮುಷ್ಟಿಯಲ್ಲಿ ಹಿಡಿದು ನೋಡಿ, ಬೀಜ ಎತ್ತಿಡು ಅಂದರು.

ಒಂದು ಸಲ ನಡುವೆ ತೊಗರಿ ಸಾಲು ಹಾಕಿ ನೋಡಿದೆ. ತೊಗರಿ ಚೆನ್ನಾಗಿಯೇ ಬಂತು, ಆದರೆ ಕಟಾವಿನ ಮಷಿನ್ ತಿರುಗಲಿಲ್ಲ, ಬಿಟ್ಟುಬಿಟ್ಟೆ. ಮಷಿನ್ ಬಾಡಿಗೆ ತಾಸಿಗೆ ಎರಡೂವರೆ ಸಾವಿರದ ಹತ್ತಿರ ಬಿತ್ತು. ದುಬಾರಿಯೇ, ಆದರೆ ಆಳು ಸಿಗಲಿಲ್ಲ ಅಂತ ಮಳೆಯಲ್ಲಿ ನಾಲ್ಕು ದಿನ ಕಳೆಯುವುದಕ್ಕಿಂತ ಅಗ್ಗ. ಮಷಿನ್ ಇಳಿಸುವ ದಿನವನ್ನು ಕಾಯಿ ನೋಡಿ ಹೇಗೆ ಗೊತ್ತು ಮಾಡುತ್ತೇನೆ ಅನ್ನುವುದನ್ನು ಈಗಲೇ ಹೇಳಲ್ಲ. ಇನ್ನೊಂದು ಮುಂಗಾರಿ ನೋಡಿಯೇ ಬರೆಯುತ್ತೇನೆ.

ಈಗ ಕಡಲೆಗೂ ಪುಟ ತೆರೆದಿದ್ದೇನೆ. ಹೂವಿನ ಹೊತ್ತಿಗೆ ಮೋಡ ಮುಚ್ಚಿದ ದಿನ, ಕಾಯಿಕೊರಕ ಹುಳ ಕಂಡ ದಿನ, ಎರಡನ್ನೂ ಬರೆಯುತ್ತಿದ್ದೇನೆ. ಅಣ್ಣಿಗೇರಿ, ರೋಣದ ಕಡೆ ಯಾರಾದರೂ ಹೀಗೆ ಬರೆದಿಟ್ಟಿದ್ದರೆ ತಿಳಿಸಿ, ಹೊಂದಿಸಿ ನೋಡೋಣ.