ಟ್ರೇಲ್ ಅಮ್ಮ ಮಾಡಿದ ಹಾಗೇ ಮೇಪಲ್ ಸಕ್ಕರೆ ಕಾಯಿಸಿದ್ದು – ನನ್ನ ಅನುಭವ

ನಾನು ಮದ್ದೂರು ಕಡೆಯವಳು. ಮದುವೆ ಆಗಿ ಕೆನಡಾಗೆ ಬಂದು ಈಗ ಪೀಟರ್‌ಬರೋದಲ್ಲಿದೀವಿ, ಟೊರಾಂಟೋದಿಂದ ಕಾರಲ್ಲಿ ಒಂದೂವರೆ ಗಂಟೆ ದಾರಿ. ಮೊದಲ ಚಳಿಗಾಲ ಆಚೆ ಕಾಲಿಡಕ್ಕೇ ಆಗ್ತಿರ್ಲಿಲ್ಲ, ಲೈಬ್ರರಿ ಮಾತ್ರ ನಡ್ಕೊಂಡು ಹೋಗೋ ದೂರದಲ್ಲಿತ್ತು, ಅಲ್ಲಿ ಈ ಊರಿನ ಹಳೇ ಕಥೆಗಳ ಕಪಾಟಲ್ಲಿ ಕ್ಯಾಥರೀನ್ ಪಾರ್ ಟ್ರೇಲ್ ಅನ್ನೋ ಹೆಣ್ಮಗಳು ಬರೆದ ಪುಸ್ತಕಗಳು ಸಿಕ್ಕಿದ್ವು. ಒಂದು 1836ರದ್ದು, ಊರಿಗೆ ಬರೆದ ಕಾಗದಗಳ ಥರ ಇದೆ. ಇನ್ನೊಂದು 1854ರದ್ದು, ಹೊಸದಾಗಿ ವಲಸೆ ಬರೋ ಹೆಂಗಸರಿಗೆ ಅಂತಾನೇ ಬರೆದ ಕೈಪಿಡಿ, ಬ್ರೆಡ್ ಹೆಂಗೆ ಉಬ್ಬಿಸ್ಬೇಕು, ಸೋಪು ಮೇಣದಬತ್ತಿ ಮನೇಲೇ ಹೆಂಗೆ ಮಾಡ್ಬೇಕು, ಮೇಪಲ್ ಮರದ ರಸದಿಂದ ಸಕ್ಕರೆ ಹೆಂಗೆ ತೆಗೀಬೇಕು, ಎಲ್ಲಾ ಇದೆ. ಸಕ್ಕರೆ ಪುಟ ಓದ್ತಾ ಓದ್ತಾ ನಂಗೆ ನಮ್ಮ ತಾತನ ಆಲೆಮನೆ ಕಣ್ಮುಂದೆ ಬಂತು. ಇದನ್ನ ನಾನು ಮಾಡೇ ಮಾಡ್ತೀನಿ ಅಂತ ಅವತ್ತೇ ಅನ್ಕೊಂಡೆ.

ಮೊದಲು ಆಕೆ ಯಾರು ಅಂತ ಹೇಳ್ಬೇಕು. ಹುಟ್ಟಿದ್ದು 1802ರಲ್ಲಿ ಲಂಡನ್ನಲ್ಲಿ, ಬೆಳೆದಿದ್ದು ಸಫೋಕ್ ಸೀಮೆಯ ದೊಡ್ಡ ಮನೇಲಿ. 1818ರಲ್ಲಿ ಅಪ್ಪ ತೀರ್ಕೊಂಡ್ರು, ದುಡ್ಡಿಗೆ ಕಷ್ಟ ಆಯ್ತು, ಅಕ್ಕತಂಗೀರು ಬರವಣಿಗೆಯಿಂದ ಒಂದಿಷ್ಟು ಸಂಪಾದನೆ ಮಾಡೋಕೆ ಶುರು ಮಾಡಿದ್ರು. 1832ರಲ್ಲಿ ಥಾಮಸ್ ಟ್ರೇಲ್ ಅನ್ನೋ, ಸೇವೆಯಲ್ಲಿಲ್ಲದೆ ಅರ್ಧ ಸಂಬಳ ತಗೋತಿದ್ದ ಸೈನ್ಯದ ಅಧಿಕಾರಿ ಜೊತೆ ಮದುವೆ, ಅದೇ ಬೇಸಿಗೇಲಿ ಸ್ಕಾಟ್ಲೆಂಡಿಂದ ಹಡಗು ಹತ್ತಿ ಕೆನಡಾ. ಮಾಂಟ್ರಿಯಲ್‌ಗೆ ಬರೋ ಹೊತ್ತಿಗೆ ಅಲ್ಲಿ ಕಾಲರಾ ಹಬ್ಬಿತ್ತು, ಆಕೆಗೂ ಬಂತು, ಬದುಕಿದ್ದೇ ದೊಡ್ಡದು. ಅಲ್ಲಿಂದ ದೋಣಿ, ಗಾಡಿ ಅಂತ ಸೇರ್ಕೊಂಡಿದ್ದು ನಮ್ಮೂರಿಂದ ಉತ್ತರಕ್ಕೆ 15 ಕಿಲೋಮೀಟರ್ ಆಚೆ ಇರೋ ಈಗಿನ ಲೇಕ್‌ಫೀಲ್ಡ್ ಹತ್ರ, ಕಚೆವನೂಕಾ ಕೆರೆ ದಂಡೆ. ತಮ್ಮ ಸ್ಯಾಮ್ಯುಯೆಲ್ ಸ್ಟ್ರಿಕ್‌ಲ್ಯಾಂಡ್ ಮುಂಚೇನೇ ಬಂದು ಅಲ್ಲಿ ನೆಲೆಸಿದ್ದ. ತಂಗಿ ಸುಸಾನಾ ಮೂಡಿ ಕುಟುಂಬಾನೂ ಅದೇ ವರ್ಷ ಕೆನಡಾಗೆ ಬಂತು, ಎರಡು ವರ್ಷ ಆದ್ಮೇಲೆ ಅವರೂ ಅದೇ ಕಾಡಿಗೆ ಬಂದು ಸೇರಿದ್ರು. ಇವರು ಯಾರೂ ರೈತಾಪಿ ಜನ ಅಲ್ಲ. ಆಳುಕಾಳು ಇದ್ದ ಮನೇಲಿ ಬೆಳೆದೋರು, ಇಲ್ಲಿ ಬಂದು ಮರ ಕಡಿದು ಬುಡ ಸುಟ್ಟು ಬೂದಿ ಮಧ್ಯೆ ಬಿತ್ತನೆ ಮಾಡ್ಬೇಕಿತ್ತು.

ಇನ್ನೊಂದು ವಿಷ್ಯ ಬಿಡೋ ಹಾಗಿಲ್ಲ. ಆ ಕಾಡು ಯಾರದ್ದೂ ಅಲ್ಲದ ಕಾಡು ಅಲ್ಲ, ಮಿಸ್ಸಿಸಾಗಾ ಅನಿಶಿನಾಬೆ ಜನರ ನೆಲ, 1818ರ ಒಪ್ಪಂದದಲ್ಲಿ ಅವರ ಕೈತಪ್ಪಿತ್ತು. ಮೇಪಲ್ ರಸ ಇಳಿಸಿ ಸಕ್ಕರೆ ಮಾಡೋ ವಿದ್ಯೆ ವಲಸಿಗರಿಗೆ ಬಂದಿದ್ದೂ ಆ ಮೂಲನಿವಾಸಿಗಳಿಂದಾನೇ. ಟ್ರೇಲ್ ಮನೆಗೆ ಆ ಹೆಂಗಸರು ಬುಟ್ಟಿ, ಜಿಂಕೆ ಮಾಂಸ ತಂದು ಬದಲಿಗೆ ಬೇರೆ ಸಾಮಾನು ತಗೊಂಡು ಹೋಗ್ತಿದ್ರು, ಕಾಡಿನ ಗಿಡಗಳ ಬಗ್ಗೆ ಆಕೆ ಅವರಿಂದ ತುಂಬಾ ಕಲಿತ್ರು.

ಈಗ ನನ್ನ ಕೆಲಸಕ್ಕೆ ಬರ್ತೀನಿ. ನಮ್ಮ ಪಕ್ಕದ ಮನೆ ವಯಸ್ಸಾದ ದಂಪತಿ ಹಿತ್ತಲಲ್ಲಿ ನಾಲ್ಕು ಶುಗರ್ ಮೇಪಲ್ ಮರ ಇದೆ, ಕೇಳಿದ್ದಕ್ಕೆ ಖುಷಿಯಿಂದ ಒಪ್ಕೊಂಡ್ರು. ಮರದ ಅಡ್ಡಗಲ ಕಡಿಮೆ ಅಂದ್ರೂ 25 ಸೆಂಟಿಮೀಟರ್ ಇರ್ಬೇಕು, ಸಣ್ಣ ಮರಕ್ಕೆ ತೂತು ಕೊರೆಯೋದು ಪಾಪದ ಕೆಲಸ. ರಾತ್ರಿ ಸೊನ್ನೆಗಿಂತ ಕೆಳಗೆ ಹೋಗಿ ಹಗಲಲ್ಲಿ ಮೇಲೆ ಬರ್ಬೇಕು, ಆಗ್ಲೇ ರಸ ಓಡೋದು, ಇಲ್ಲಿ ಅದು ಮಾರ್ಚ್‌ನಿಂದ ಏಪ್ರಿಲ್ ಮೊದಲ ವಾರದ ತನಕ. ಎರಡು ಇಂಚು ಆಳ ಕೊರೆದು ಒಂದು ಸಣ್ಣ ನಲ್ಲಿ ಬಡಿದು ಬಕೆಟ್ ನೇತುಹಾಕಿದ್ರೆ ತೊಟ್ ತೊಟ್ ಅಂತ ಬೀಳುತ್ತೆ. ರುಚಿ ನೋಡಿದ್ರೆ ಬರೀ ನೀರು, ಕೊನೇಲಿ ಒಂಚೂರು ಸಿಹಿ, ಅಷ್ಟೇ. ಸಕ್ಕರೆ ಅಂಶ ಶೇಕಡಾ 2ರ ಆಸುಪಾಸು. ಕಬ್ಬಿನ ಹಾಲು ಕುಡಿದು ಬೆಳೆದ ನಂಗೆ ನಂಬಿಕೇನೇ ಬರ್ಲಿಲ್ಲ. ಒಂದು ಲೀಟರ್ ಸಿರಪ್ಪಿಗೆ 40 ಲೀಟರ್ ರಸ ಬೇಕು.

ಮೊದಲ ವರ್ಷ ಎರಡು ತಪ್ಪು ಮಾಡ್ದೆ. ಮನೆ ಒಳಗೆ ಸ್ಟೌವ್ ಮೇಲೆ ಕಾಯಿಸಿದೆ, ಅಷ್ಟು ಆವಿಗೆ ಅಡುಗೆಮನೆ ಗೋಡೆ ಪೇಪರ್ ಕಿತ್ಕೊಂಡು ಬಂತು. ಆಮೇಲೆ ಎರಡು ದಿನ ಬಿಸಿಲು ಜಾಸ್ತಿ ಆದಾಗ ಬಕೆಟ್ಟಲ್ಲೇ ರಸ ಬಿಟ್ಟೆ, ಮಸುಕಾಗಿ ಹುಳಿ ವಾಸನೆ ಬಂತು, 30 ಲೀಟರ್ ಚೆಲ್ಲಿದಾಗ ಕಣ್ಣಲ್ಲಿ ನೀರು ಬಂತು ನಂಗೆ. ಕಬ್ಬಿನ ಹಾಲು ಆರಿಸಿಡಬಾರ್ದು, ಅವತ್ತಿಂದವತ್ತೇ ಒಲೆಗೆ ಏರಿಸ್ಬೇಕು ಅಂತ ಅಜ್ಜಿ ಹೇಳ್ತಿದ್ದಿದ್ದು ಗೊತ್ತಿದ್ದೂ ಮರೆತಿದ್ದೆ.

ಮುಂದಿನ ವರ್ಷ ಹಿತ್ತಲಲ್ಲಿ ಇಟ್ಟಿಗೆ ಜೋಡಿಸಿ ಅಗಲ ತಟ್ಟೆ ಇಟ್ಟು ಸೌದೆ ಒಲೆ ಹಾಕಿದೆ. ಬೆಳಿಗ್ಗೆ ಆರಕ್ಕೆ ಹಚ್ಚಿದ್ರೆ ರಾತ್ರಿ ಒಂಬತ್ತು. ನೊರೆ ಉಕ್ಕಿ ಬರುತ್ತೆ, ಆ ಕಾಲದ ವಲಸಿಗರು ಅದಕ್ಕೆ ಹಂದಿ ಕೊಬ್ಬಿನ ತುಂಡು ಕೊಪ್ಪರಿಗೆ ಮೇಲೆ ಕಟ್ಟಿ ಬಿಡ್ತಿದ್ರು, ನಮ್ಮ ಆಲೆಮನೇಲಿ ಎರಡು ತೊಟ್ಟು ಹರಳೆಣ್ಣೆ ಚಿಮುಕಿಸ್ತಿದ್ರು, ನಾನು ಒಂದು ಚಿಟಿಕೆ ತುಪ್ಪ ಹಾಕ್ದೆ, ಟಪ್ ಅಂತ ಕೂತ್ಕೊಂತು. ಗಸಿ ತೆಗೆಯಕ್ಕೆ ನಮ್ಮಲ್ಲಿ ಬೆಂಡೆಗಿಡದ ಲೋಳೆ ಹಾಕ್ತಾರೆ, ಇಲ್ಲಿ ಸಣ್ಣ ಮರಳಿನ ಥರ ಗಸಿ ಕೂರುತ್ತೆ, ದಪ್ಪ ಉಣ್ಣೆ ಬಟ್ಟೇಲಿ ಬಿಸಿ ಇದ್ದಾಗ್ಲೇ ಸೋಸ್ಬೇಕು. ನೀರು ಕುದಿಯೋ ಬಿಸಿಗಿಂತ 4 ಡಿಗ್ರಿ ಮೇಲೆ ಹೋದ್ರೆ ಸಿರಪ್ಪು. ಸಕ್ಕರೆ ಬೇಕು ಅಂದ್ರೆ ಇನ್ನೂ ಕಾಯಿಸ್ಬೇಕು, ಅಲ್ಲೇ ಇರೋದು ಜೀವ. ನಾನು ಥರ್ಮಾಮೀಟರ್ ಪಕ್ಕಕ್ಕಿಟ್ಟು ಅಜ್ಜಿ ಮಾಡ್ತಿದ್ದ ಹಾಗೆ ಬಟ್ಟಲು ತಣ್ಣೀರಿಗೆ ಒಂದು ತೊಟ್ಟು ಬಿಟ್ಟು ನೋಡ್ದೆ. ಬೆರಳಲ್ಲಿ ಉಂಡೆ ಕಟ್ಟಿದ್ರೆ ಪಾಕ ಬಂತು ಅಂತ. ಇಳಿಸಿ ಮರದ ಸೌಟಲ್ಲಿ ತಿರುಗಿಸ್ತಾ ಇದ್ದೆ, ಇದ್ದಕ್ಕಿದ್ದ ಹಾಗೆ ಬಣ್ಣ ತಿಳಿಯಾಗಿ ಹರಳು ಕಟ್ಟೋಕೆ ಶುರುವಾಯ್ತು, ಕೈ ಓಡದಷ್ಟು ಗಟ್ಟಿ, ಬೇಗ ಬೇಗ ಅಚ್ಚಿಗೆ ತುಂಬಿದೆ. ಆ ವರ್ಷ 120 ಲೀಟರ್ ರಸಕ್ಕೆ ಮೂರು ಲೀಟರ್ ಸಿರಪ್ಪು ಬಂತು, ಅದ್ರಲ್ಲಿ ಒಂದು ಲೀಟರ್ ಇಂಗಿಸಿ ಸಕ್ಕರೆ ಮಾಡ್ದೆ, ಮುಕ್ಕಾಲು ಕೆಜಿ ಮೇಲೆ ಆಯ್ತು.

ಈ ಒಲೆ ಮುಂದೆ ನಿಂತ ಮೇಲೇನೇ ನಂಗೆ ಆಕೆಯ ಕಾಗದಗಳು ಬೇರೆ ಥರ ಕಾಣ್ಸಿದ್ದು. 1833ರಲ್ಲಿ, ಕಾಡಿಗೆ ಬಂದ ಮೊದಲ ವಸಂತದಲ್ಲೇ ಸಕ್ಕರೆ ಪಾಕ ಇಳಿಸೋ ಕೊನೇ ಹಂತ ಆಕೆ ತಾನೇ ನೋಡ್ಕೊಂಡ್ರು, ಪಕ್ಕದಲ್ಲಿ ಗೊತ್ತಿರೋರು ಯಾರೂ ಇರ್ಲಿಲ್ಲ, ಕೇಳಿ ತಿಳ್ಕೊಂಡಿದ್ದಷ್ಟೇ. ಹೊಳೆಯೋ ಹರಳಿನ ಸಕ್ಕರೆ ಬಂತು, ಜೊತೆಗೆ ಸುಮಾರು 3 ಗ್ಯಾಲನ್ ಕಾಕಂಬಿ ಅಂತ ಬರೀತಾರೆ. ನಾನು ಅದನ್ನ ಮೊದಲ ಸಲ ಓದಿದಾಗ ಹಂಗೇ ದಾಟಿ ಹೋಗಿದ್ದೆ. ಆಮೇಲೆ ತಾರೀಖು ಜೋಡಿಸಿ ನೋಡ್ದೆ, ಅವರ ಮೊದಲ ಮಗ ಜೇಮ್ಸ್ ಹುಟ್ಟಿದ್ದು ಅದೇ ಜೂನಲ್ಲಿ! ಅಂದ್ರೆ ಆರೇಳು ತಿಂಗಳ ಬಸುರಿ ಆ ಬಿಸಿ ಪಾತ್ರೆ ಮುಂದೆ ನಿಂತು ಪಾಕ ತಿರುವಿದ್ದಾರೆ. ಕಾಗದದಲ್ಲಿ ಕಷ್ಟದ ಸೊಲ್ಲೇ ಇಲ್ಲ, ಕೇಕಿಗೆ ಹಾಕಕ್ಕೆ ಚೆನ್ನಾಗಿತ್ತು ಅಂತಾರೆ. ನಂಗೆ ಬರೀ ಒಂದು ದಿನ ನಿಂತಿದ್ದಕ್ಕೇ ಸೊಂಟ ಬಿದ್ದು ಹೋಗಿತ್ತು.

ಮುಂದಿನ ಬದುಕು ಸುಲಭ ಇರ್ಲಿಲ್ಲ. ಥಾಮಸ್ ಓದಿದ ಒಳ್ಳೇ ಮನುಷ್ಯ, ಆದ್ರೆ ಕಾಡಿನ ಬದುಕು ಅವರಿಗೆ ಒಗ್ಗಲಿಲ್ಲ, ಖಿನ್ನತೆಗೆ ಬಿದ್ರು. 1839ರಲ್ಲಿ ಕಷ್ಟಪಟ್ಟು ಬಯಲು ಮಾಡಿದ ಆ ಜಮೀನು ಬಿಟ್ಟು ಹೊರಟ್ರು. ಒಂಬತ್ತು ಮಕ್ಕಳು ಹೆತ್ತು ಎರಡನ್ನ ಎಳೇ ಕೂಸಲ್ಲೇ ಕಳ್ಕೊಂಡ್ರು. ರೈಸ್ ಲೇಕ್ ಹತ್ರ ಓಕ್‌ಲ್ಯಾಂಡ್ಸ್ ಅನ್ನೋ ಮನೆ ಮಾಡ್ಕೊಂಡಿದ್ರು, ಅದು 1857ರಲ್ಲಿ ಸುಟ್ಟು ಹೋಯ್ತು, 1859ರಲ್ಲಿ ಗಂಡ ಹೋದ್ರು. ಜೈಲಲ್ಲಿ ಗಾರ್ಡ್ ಆಗಿದ್ದ ಒಬ್ಬ ಮಗನನ್ನ 1870ರಲ್ಲಿ ಕೈದಿಗಳು ಕೊಂದ್ರು. ಇಷ್ಟರ ಮಧ್ಯೆ ಆ ಕೈಪಿಡಿ ಬರೆದಿದ್ದಾರೆ, ಜರೀಗಿಡ, ಕಾಡುಹೂವು ಒತ್ತಿ ಒಣಗಿಸಿ ಇಟ್ಟಿದ್ದಾರೆ, 1868ರಲ್ಲಿ ಕೆನಡಾದ ಕಾಡುಹೂಗಳ ಪುಸ್ತಕ ತಂದಿದ್ದಾರೆ, ಚಿತ್ರ ಬರೆದಿದ್ದು ತಂಗಿ ಮಗಳು. 97 ವರ್ಷ ಬದುಕಿ 1899ರಲ್ಲಿ ಲೇಕ್‌ಫೀಲ್ಡಲ್ಲೇ ತೀರ್ಕೊಂಡ್ರು. ಆಕೆಯ ಕೊನೇ ಮನೆ ವೆಸ್ಟೋವ್ ಇನ್ನೂ ಇದೆ, ನಾನು ಆಚೆಯಿಂದ ನಿಂತು ನೋಡ್ಕೊಂಡು ಬಂದಿದೀನಿ. ಜನ ತಂಗಿ ಮೂಡಿ ಬರೆದಿದ್ದನ್ನ ಜಾಸ್ತಿ ಓದ್ತಾರೆ, ಅದ್ರಲ್ಲಿ ಜಗಳ, ಕೋಪ, ನೋವು ಇದೆ, ಅದೂ ನಿಜಾನೇ. ಆದ್ರೆ ದೂರದೇಶಕ್ಕೆ ಬಂದು ಅಡುಗೆಮನೇಲಿ ದಿಕ್ಕು ತೋಚದೆ ನಿಂತೋಳಿಗೆ ಕೈ ಹಿಡಿದು ಹೇಳ್ಕೊಡೋದು ಟ್ರೇಲ್ ಅಮ್ಮನೇ ಅಂತ ನನ್ನ ಅನಿಸಿಕೆ.

ದಂಡೇಲಿಯನ್ ಅನ್ನೋ ಹಳದಿ ಹೂವಿನ ಕಳೆಗಿಡದ ಬೇರಿನ ಕಾಫಿನೂ ಮಾಡ್ದೆ, ಆಕೆ ಅದನ್ನ ತುಂಬಾ ಹೊಗಳ್ತಾರೆ. ಬೇರು ತೊಳೆದು ಹೆಚ್ಚಿ ಒಣಗಿಸಿ ಹುರಿದು ಪುಡಿ ಮಾಡಿದ್ರೆ ವಾಸನೆ ಥೇಟ್ ನಮ್ಮ ಚಿಕೋರಿ, ಎರಡೂ ಒಂದೇ ಕುಟುಂಬದ ಗಿಡ ಅಲ್ವಾ. ಫಿಲ್ಟರಿಗೆ ಅರ್ಧಕ್ಕರ್ಧ ಹಾಕಿದ್ರೆ ಕುಡೀಬಹುದು.

ಈ ಸಲ ವಿನೆಗರ್ ಇಟ್ಟಿದೀನಿ. ಐದು ಬಕೆಟ್ ರಸ ಎರಡಕ್ಕೆ ಇಂಗಿಸಿ, ಈಸ್ಟ್ ಹಾಕಿ, ಬಿಸಿಲಿಗಿಡದೆ ಒಲೆ ಹತ್ರ ಇಟ್ಟೆ ಅಂತ ಆಕೆ ಬರೆದಿದ್ದಾರೆ. ನಮ್ಮನೆ ಒಳಗೆ ಸೌದೆ ಒಲೆ ಇಲ್ಲ, ಹೀಟರ್ ಪಕ್ಕ ಭರಣಿಗೆ ಬಟ್ಟೆ ಕಟ್ಟಿ ಇಟ್ಟಿದೀನಿ. ಮೂರನೇ ವಾರ ಇದು, ನಿನ್ನೆ ಬಟ್ಟೆ ಸರಿಸಿ ಮೂಸಿದಾಗ ಸಿಹಿ ಹೋಗಿ ಮೂಗಿಗೆ ಚುರ್ ಅನ್ನೋಕೆ ಶುರುವಾಗಿದೆ.