ಮುಕ್ಕಾಲು ಜಿಬಿ ಲೆಕ್ಕ

ಕೊಡಗಿನ ಗೋಣಿಕೊಪ್ಪದಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. 2010ರ ಮಳೆಗಾಲದಲ್ಲಿ ಒಂದು ಕಾಫಿ ತೋಟದ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತರು, ಹಳೇ ಸಿಪಿಯು ಡಬ್ಬವನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಜೀಪಿನಲ್ಲಿ ತಂದರು. ಹೊಸ ಬೋರ್ಡು, 4 ಜಿಬಿ ರ‍್ಯಾಮ್, 32 ಬಿಟ್‌ನ ವಿಂಡೋಸ್ 7 ಹಾಕಿದೆ. ಆನ್ ಮಾಡಿದರೆ ಬಳಸಲು ಸಿಗುವುದು 3.25 ಜಿಬಿ ಎಂದು ತೋರಿಸಿತು. ರೈಟರ್ ನನ್ನನ್ನೇ ನೋಡಿದರು, ಉಳಿದ ಮುಕ್ಕಾಲು ನಾನೇ ಜೇಬಿಗಿಳಿಸಿದೆನೋ ಅನ್ನೋ ಹಾಗೆ.

32 ಬಿಟ್ ಅಂದರೆ ಮೆಮೊರಿಗೆ 4,29,49,67,296 ವಿಳಾಸ, ವಿಳಾಸಕ್ಕೊಂದು ಬೈಟ್, ಒಟ್ಟು 4 ಜಿಬಿ, ಅಷ್ಟೇ. ಅದರಲ್ಲೇ ಡಿಸ್‌ಪ್ಲೇ ಕಾರ್ಡು, ಬೋರ್ಡಿನ ಉಳಿದ ಭಾಗಗಳೂ ಪಾಲು ಕೇಳುತ್ತವೆ. ಸರಿ, 64 ಬಿಟ್ ವಿಂಡೋಸ್ ಹಾಕಿದೆ. ಪೂರ್ತಿ ರ‍್ಯಾಮ್ ಸಿಕ್ಕಿತು. ರೈಟರ್‌ಗೂ ಖುಷಿ.

ಶುಕ್ರವಾರ ಸಂಜೆ ಫೋನ್. "ಏನ್ರೀ, ಚೆಕ್‌ರೋಲ್ ಓಪನ್ನೇ ಆಗ್ತಿಲ್ಲ. ನಾಳೆ ಬಟವಾಡೆ!" ಕೂಲಿ ಲೆಕ್ಕದ ಆ ಪ್ರೋಗ್ರಾಂ ವಿಂಡೋಸ್‌ಗೂ ಹಿಂದಿನ ಡಾಸ್ ಕಾಲದ್ದು, 16 ಬಿಟ್‌ನದು. ಮೊದಲೇ ಕೇಳಬೇಕಿತ್ತು, ಕೇಳಿರಲಿಲ್ಲ. ತಪ್ಪು ನನ್ನದೇ.

ಆ ರಾತ್ರಿ ಯುಪಿಎಸ್ ಕುಯ್‌ಗುಡುತ್ತಿರುವಾಗ ಕೂತು ಓದಿದೆ. 1985ರಲ್ಲಿ ಇಂಟೆಲ್ ಕಂಪನಿ 386 ಎಂಬ ಚಿಪ್ಪಿನ ಮೂಲಕ 32 ಬಿಟ್‌ಗೆ ಹೋದಾಗ, ಹಳೇ ಡಾಸ್ ಪ್ರೋಗ್ರಾಂಗಳಿಗೆ ಚಿಪ್ಪಿನೊಳಗೇ ಒಂದು ಜಾಗ ಇಟ್ಟಿತ್ತು. ವರ್ಚುವಲ್ 8086 ಮೋಡ್ ಅಂತ. ನಮ್ಮ ಚೆಕ್‌ರೋಲ್ ಇಷ್ಟು ವರ್ಷ ಬದುಕಿದ್ದು ಅಲ್ಲೇ.

64 ಬಿಟ್‌ಗೆ ಹೋಗುವಾಗ ದಾರಿ ಕವಲಾಯಿತು. ದೊಡ್ಡ ಮಷೀನುಗಳ ಲೋಕದಲ್ಲಿ ಡೆಕ್ ಕಂಪನಿಯ 64 ಬಿಟ್ ಚಿಪ್ ಆಲ್ಫಾ 1992ರಲ್ಲೇ ಬಂದಿತ್ತು. ಇಂಟೆಲ್ ಎಚ್‌ಪಿ ಜೊತೆ ಸೇರಿ ಪೂರ್ತಿ ಹೊಸ ವಿನ್ಯಾಸ ಮಾಡಿ 2001ರಲ್ಲಿ ಇಟಾನಿಯಂ ತಂದಿತು. ಹಳೇ ಪ್ರೋಗ್ರಾಂಗಳು ಅದರಲ್ಲಿ ತೆವಳುತ್ತಿದ್ದವು. ಇಂಟೆಲ್‌ನ ಪ್ರತಿಸ್ಪರ್ಧಿ ಎಎಂಡಿ ಹಳೇ ಮನೆ ಕೆಡವಲಿಲ್ಲ, ಮೇಲೊಂದು ಅಂತಸ್ತು ಕಟ್ಟಿತು. ಲೆಕ್ಕ ಮಾಡುವಾಗ ಚಿಪ್ ಅಂಕಿ ಇಟ್ಟುಕೊಳ್ಳುವ ರಿಜಿಸ್ಟರ್‌ಗಳನ್ನು 64 ಬಿಟ್‌ಗೆ ಅಗಲ ಮಾಡಿ, 8 ಇದ್ದದ್ದನ್ನು 16 ಮಾಡಿತು. 32 ಬಿಟ್ ಪ್ರೋಗ್ರಾಂಗಳು ಹಾಗೇ ಓಡಿದವು. 2003ರಲ್ಲಿ ಎಎಂಡಿಯ ಆ ಚಿಪ್, ಆಪ್ಟೆರಾನ್, ಬಂತು, ಮರುವರ್ಷ ಇಂಟೆಲ್ ಕೂಡ ಅದೇ ದಾರಿ ಹಿಡಿಯಿತು. ಇಂಟೆಲ್‌ಗೆ ಅದು ಎಷ್ಟು ಮುಜುಗರ ಅಲ್ವಾ!

ಆದರೆ ಎಎಂಡಿಯೂ ಒಂದು ಬಾಗಿಲು ಮುಚ್ಚಿತ್ತು. ಪ್ರೊಸೆಸರ್ 64 ಬಿಟ್ ಮೋಡ್‌ನಲ್ಲಿರುವಾಗ ಆ ವರ್ಚುವಲ್ 8086 ಸಿಗುವುದಿಲ್ಲ. 64 ಬಿಟ್ ವಿಂಡೋಸ್ ಕೂಡ ಡಾಸ್ ಪ್ರೋಗ್ರಾಂಗಳನ್ನು ಕೈಬಿಟ್ಟಿತು.

ಡಾಸ್ ಇದ್ದ ಹಾಗೆ ನಟಿಸುವ ಡಾಸ್‌ಬಾಕ್ಸ್ ಎಂಬ ಪ್ರೋಗ್ರಾಂ ಹಾಕಿ ನೋಡಿದೆ. ಚೆಕ್‌ರೋಲ್ ತೆರೆಯಿತು, ಹೆಸರು, ಹಾಜರಿ ಎಲ್ಲ ಬಂತು. ಆದರೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಜಪ್ಪಯ್ಯ ಅಂದರೂ ಅಲುಗಾಡಲಿಲ್ಲ. ಪ್ರಿಂಟ್ ಇಲ್ಲದೆ ಬಟವಾಡೆ ಹೇಗೆ? ಬೆಳಗಿನ ಜಾವ ಎರಡರ ಹೊತ್ತಿಗೆ ಸೋತು, ಡೇಟಾ ತೆಗೆದಿಟ್ಟು 32 ಬಿಟ್ ವಿಂಡೋಸನ್ನೇ ಮತ್ತೆ ಹಾಕಿದೆ. ಚಿಪ್ ಅದೇ, ಆದರೆ 32 ಬಿಟ್‌ನಲ್ಲಿ ಓಡಿಸಿದರೆ ಹಳೇ ಬಾಗಿಲು ತೆರೆದೇ ಇರುತ್ತದೆ.

ಬೆಳಿಗ್ಗೆ ತೋಟದ ಆಫೀಸಿನಲ್ಲಿ ಪುಟ್ಟ ಕಪ್ಪು ಕಿಟಕಿಯಲ್ಲಿ ಚೆಕ್‌ರೋಲ್ ಬಂತು. ಪ್ರಿಂಟರ್ ಕಿರ್ರ್ ಕಿರ್ರ್ ಎಂದು ಉದ್ದನೆಯ ಕಾಗದ ಉಗುಳಿತು. ಹೊರಗೆ ಮೇಸ್ತ್ರಿ ಹೆಸರು ಕೂಗತೊಡಗಿದ.

ನಾನು ಬಿಲ್ ಕೊಟ್ಟೆ. ರ‍್ಯಾಮ್ 4 ಜಿಬಿ ಎಂದಿತ್ತು. ರೈಟರ್ ಕನ್ನಡಕ ಏರಿಸಿ ಸ್ಕ್ರೀನ್ ನೋಡಿದರು, ಬಿಲ್ ನೋಡಿದರು. "ಮುಕ್ಕಾಲು ಜಿಬಿದು ಕಡಿಮೆ ಮಾಡ್ಕೊಳ್ಳಿ" ಅಂದರು.