ಕ್ಯಾಂಪು, ಜಾತ್ರೆ, ಮೀಟಿಂಗು: ಇಂಗ್ಲಿಷ್‌ನಲ್ಲಿ ಬ್ಯಾನರ್ ಬರೆಯೋದು ಹೇಗೆ?

ತುಮಕೂರಿನ ನಮ್ಮ ಬಡಾವಣೇಲಿ ಒಂದ್ಸಲ ಫ್ರೀ ಕಣ್ಣಿನ ಕ್ಯಾಂಪ್ ಇಟ್ಕೊಂಡಿದ್ವಿ, ಬ್ಯಾನರ್ ಬರೆಸೋ ಕೆಲಸ ನನ್ನ ತಲೆಗೆ ಬಂತು. ಕನ್ನಡದಲ್ಲಿ ‘ಭಾನುವಾರ ಏರ್ಪಡಿಸಲಾಗಿದೆ’ ಅಂತಿತ್ತು, ನಾನು ಅದನ್ನೇ ತಿರುಗಿಸಿ ‘ಫ್ರೀ ಐ ಕ್ಯಾಂಪ್ ವಾಸ್ ಅರೇಂಜ್ಡ್ ಆನ್ ಸಂಡೆ’ ಅಂತ ಹಾಕಿಸಿಬಿಟ್ಟೆ. ವಸಂತನರಸಾಪುರದ ಫ್ಯಾಕ್ಟರಿಗೆ ಹೋಗೋ ಒಡಿಶಾ ಕಡೆಯ ಹುಡುಗ್ರು ನಮ್ಮ ಬೀದೀಲೇ ಬಾಡಿಗೆಗಿದ್ರು, ಇಂಗ್ಲಿಷ್ ಸಾಲು ಹಾಕಿಸಿದ್ದೇ ಅವರಿಗೋಸ್ಕರ, ಅವರಲ್ಲೊಬ್ಬ ಬಂದು ‘ಅಂಕಲ್, ಕ್ಯಾಂಪ್ ಆಗೋಯ್ತಲ್ಲಾ, ಮತ್ತೆ ಯಾವಾಗ ಮಾಡ್ತೀರಾ’ ಅಂದ. ಕ್ಯಾಂಪಿಗೆ ಇನ್ನೂ ಐದು ದಿನ ಇತ್ತು!

ಹಾಗಾಗಿ ಮೊದಲು ನೋಡ್ಬೇಕಾಗಿರೋದು ಕ್ರಿಯಾಪದ. ಏರ್ಪಡಿಸಲಾಗಿದೆ, ಹಮ್ಮಿಕೊಳ್ಳಲಾಗಿದೆ ಅಂದ್ರೆ ಏರ್ಪಾಡು ಮುಗಿದಿದೆ, ಕಾರ್ಯಕ್ರಮ ಮುಂದಿದೆ ಅಂತ ನಮಗೆ ಹೇಳಿಕೊಡೋದು ಬೇಡ, ಆದ್ರೆ ಇಂಗ್ಲಿಷ್‌ನಲ್ಲಿ ‘ವಾಸ್’ ಬಂತೋ, ಓದೋನ ಪಾಲಿಗೆ ಕಥೆ ಮುಗೀತು. ‘ಏರ್ಪಡಿಸಲಾಗಿದೆ’ಯನ್ನ ಪಕ್ಕಕ್ಕಿಟ್ಟು ‘ನಡೆಯುತ್ತೆ’ ಅನ್ನೋದಕ್ಕೆ ಇಂಗ್ಲಿಷ್ ಹುಡುಕಿ, ‘ವಿಲ್ ಬಿ ಹೆಲ್ಡ್’ ತಾನಾಗೇ ಬರುತ್ತೆ. ನನ್ನ ಕೇಳಿದ್ರೆ ಬ್ಯಾನರ್‌ಗೆ ಕ್ರಿಯಾಪದಾನೇ ಬೇಡ. ದೊಡ್ಡಕ್ಷರದಲ್ಲಿ ‘ಫ್ರೀ ಐ ಕ್ಯಾಂಪ್’, ಕೆಳಗೆ ದಿನ, ಟೈಮು, ಜಾಗ, ಅಷ್ಟೇ. ಪೂರ್ತಿ ವಾಕ್ಯ ಬೇಕಾಗೋದು ಪತ್ರದಲ್ಲಿ, ವಾಟ್ಸಾಪ್ ಮೆಸೇಜಲ್ಲಿ.

ಟೈಮ್‌ಟೇಬಲ್ ಥರ ಫಿಕ್ಸ್ ಆಗಿರೋದಕ್ಕೆ ‘ವಿಲ್’ ಕೂಡ ಬೇಕಾಗಲ್ಲ. ನಾವು ‘ಬಸ್ಸು ನಾಳೆ ಆರಕ್ಕೆ ಹೊರಡುತ್ತೆ’ ಅಂತೀವಲ್ಲ, ಇಂಗ್ಲಿಷ್‌ನಲ್ಲೂ ಹಂಗೇ, ‘ದಿ ಬಸ್ ಲೀವ್ಸ್ ಅಟ್ ಸಿಕ್ಸ್ ಟುಮಾರೋ’. ವರ್ಷಾ ವರ್ಷ ನಡೆಯೋದಕ್ಕೂ ಇದೇ ಲೆಕ್ಕ: ಶಿವರಾತ್ರಿ ಹೊತ್ತಿಗೆ ಆಗೋ ಸಿದ್ಧಗಂಗೆ ಜಾತ್ರೆ ಬಗ್ಗೆ ಬರೀಬೇಕಾದ್ರೆ ‘ಈಸ್ ಹೆಲ್ಡ್ ಎವ್ರಿ ಇಯರ್’, ಈ ವರ್ಷದ ತಾರೀಖು ಹೇಳ್ಬೇಕಾದ್ರೆ ಮಾತ್ರ ‘ವಿಲ್ ಬಿ ಹೆಲ್ಡ್ ಆನ್’.

ಇನ್ನು ‘ಶೆಡ್ಯೂಲ್ಡ್’. ಇದರ ಜೊತೆ ತಾರೀಖು ಬಂದ್ರೆ ‘ಫಾರ್’ ಹಾಕಿ, ‘ದಿ ಮೀಟಿಂಗ್ ಈಸ್ ಶೆಡ್ಯೂಲ್ಡ್ ಫಾರ್ ಫ್ರೈಡೇ’. ಇಲ್ಲೂ ‘ವಾಸ್ ಶೆಡ್ಯೂಲ್ಡ್’ ಅಂದ್ರೆ ಪ್ಲ್ಯಾನ್ ಇತ್ತು, ಏನೋ ಎಡವಟ್ಟಾಯ್ತು ಅನ್ನೋ ವಾಸನೆ ಹೊಡೆಯುತ್ತೆ. ಆಫೀಸಿಗೆ ‘ಈಸ್ ಶೆಡ್ಯೂಲ್ಡ್’ ಸರಿ, ನಾಮಕರಣಕ್ಕೆಲ್ಲ ‘ಶೆಡ್ಯೂಲ್ಡ್’ ಅಂತ ಹಾಕಿದ್ರೆ ಮಗೂಗೆ ಆಪರೇಷನ್ ಇದ್ದಂಗಿರುತ್ತೆ.

ಎಲ್ಲರೂ ಎಡವೋದು ಅಟ್, ಆನ್, ಇನ್ ಹತ್ರ, ಇದಕ್ಕೆ ನಮ್ಮ ಆಮಂತ್ರಣ ಪತ್ರಿಕೆ ಕನ್ನಡದಲ್ಲೇ ಕೀಲಿ ಇದೆ. ಹತ್ತು ಗಂಟೆ‘ಗೆ’ ಅಂದ್ರೆ ಅಟ್, 12ನೇ ತಾರೀಖಿ‘ನಂದು’ ಅಂದ್ರೆ ಆನ್, ಜೂನ್ ತಿಂಗಳ‘ಲ್ಲಿ’ ಅಂದ್ರೆ ಇನ್. ಒಂದೇ ಒಂದು ಕಿತಾಪತಿ ಅಂದ್ರೆ ‘ಇನ್ ದ ಮಾರ್ನಿಂಗ್’ ಸರಿ, ಅದಕ್ಕೆ ವಾರ ಸೇರಿದ ಕೂಡ್ಲೇ ‘ಆನ್ ಸಂಡೆ ಮಾರ್ನಿಂಗ್’ ಆಗೋಗುತ್ತೆ. ಜಾಗಕ್ಕೆ ಬಂದ್ರೆ ಕಟ್ಟಡ, ಕಲ್ಯಾಣಮಂಟಪಕ್ಕೆ ಅಟ್, ಊರಿಗೆ ಇನ್ ತುಮಕೂರು. ‘ಬಿಟ್ವೀನ್ 10 ಟು 1’ ಅಂತ ಕಂಡಕಂಡಲ್ಲಿ ಕಾಣುತ್ತೆ, ಅದು ‘ಫ್ರಮ್ 10 ಟು 1’ ಇಲ್ಲಾ ‘ಬಿಟ್ವೀನ್ 10 ಆ್ಯಂಡ್ 1’ ಆಗ್ಬೇಕು. ‘ಟುಡೇ ಈವ್ನಿಂಗ್’ ನಮ್ಮ ‘ಇವತ್ತು ಸಾಯಂಕಾಲ’ದ ನಕಲು, ಇಂಗ್ಲಿಷ್‌ನವರು ‘ದಿಸ್ ಈವ್ನಿಂಗ್’ ಅಂತಾರೆ, ರಾತ್ರಿಗೆ ‘ಟುನೈಟ್’.

ತಾರೀಖನ್ನ 5/6 ಅಂತ ಬರೀಬೇಡಿ. ನಮಗದು ಜೂನ್ 5, ಅಮೆರಿಕಾದಲ್ಲಿರೋ ನಿಮ್ಮ ಭಾವಮೈದುನಂಗೆ ಮೇ 6. ತಿಂಗಳ ಹೆಸರು ಬರೆದು, ಪಕ್ಕದಲ್ಲಿ ವಾರಾನೂ ಹಾಕಿ. ಮಧ್ಯಾಹ್ನ ಹನ್ನೆರಡಕ್ಕೆ ಪಿಎಂ ಎಎಂ ತಲೆನೋವು ಬೇಡ, ‘12 ನೂನ್’ ಅಂದ್ರೆ ಸಾಕು. ‘ನೆಕ್ಸ್ಟ್ ಫ್ರೈಡೇ’ ಅಂತೂ ಬೇಡವೇ ಬೇಡ, ಬರೋ ಶುಕ್ರವಾರಾನಾ ಅದರ ಆಚೆ ಶುಕ್ರವಾರಾನಾ ಅಂತ ಇಂಗ್ಲಿಷ್‌ನವರೇ ಕಿತ್ತಾಡ್ತಾರೆ.

ದಿನ ಬದಲಾದ್ರೆ? ಮುಂದಕ್ಕೆ ಹೋದ್ರೆ ‘ಪೋಸ್ಟ್‌ಪೋನ್ಡ್ ಟು’. ಮೊದಲೇ ಮಾಡೋದಾದ್ರೆ ನಾವು ‘ಪ್ರೀಪೋನ್’ ಅಂತೀವಿ, ನಮ್ಮ ದೇಶದಲ್ಲಿ ಧಾರಾಳವಾಗಿ ನಡೆಯುತ್ತೆ, ನನಗಂತೂ ಇಷ್ಟದ ಪದ, ಆದ್ರೆ ಹೊರದೇಶದವರು ಓದೋದಿದ್ರೆ ‘ಬ್ರಾಟ್ ಫಾರ್ವರ್ಡ್ ಟು’ ಹಾಕಿ. ಯಾವುದಾದ್ರೂ ಸರಿ, ಹಳೇ ದಿನ ಹೊಸ ದಿನ ಎರಡೂ ಬರೀಲೇಬೇಕು, ಬರೀ ಹೊಸದು ಹಾಕಿದ್ರೆ ಇದು ಬೇರೆ ಮೀಟಿಂಗೇನೋ ಅಂತ ಜನ ಎರಡು ಸಲ ಬರ್ತಾರೆ.

‘ಕಾರ್ಡಿಯಲಿ ಇನ್ವೈಟೆಡ್’ ಮದುವೆಗಿರಲಿ, ಕ್ಯಾಂಪಿಗೆ ‘ಆಲ್ ಆರ್ ವೆಲ್ಕಮ್’ ಸಾಕು. ಅತಿಥಿಗಳ ಹೆಸರು ಕೆಳಗಿರಲಿ. ಇದಕ್ಕೆ ಕಮಿಟೀಲಿ ಜಗಳ ಆಗುತ್ತೆ, ಆಗ್ಲಿ ಬಿಡಿ.

ಪ್ರಿಂಟಿಗೆ ಕೊಡೋ ಮುಂಚೆ ಕಾರ್ಯಕ್ರಮದ ವಿಷಯಾನೇ ಗೊತ್ತಿಲ್ಲದ ಒಬ್ಬರಿಗೆ ತೋರಿಸಿ, ಏನು, ಯಾವತ್ತು, ಎಷ್ಟೊತ್ತಿಗೆ, ಎಲ್ಲಿ ಅಂತ ಕೇಳಿ. ನಮ್ಮದು ಆಮೇಲೆ ತಿದ್ದಿದ್ದು ಹಿಂಗೆ: ‘ಫ್ರೀ ಐ ಕ್ಯಾಂಪ್, ದಿಸ್ ಸಂಡೆ, 10 ಎಎಂ ಟು 1 ಪಿಎಂ, ಅಟ್ ದ ಗೌರ್ಮೆಂಟ್ ಸ್ಕೂಲ್’. ಒಡಿಶಾ ಹುಡುಗ ಓದಿ ‘ಯಾವ ಸಂಡೆ ಅಂಕಲ್, ತಾರೀಖೇ ಇಲ್ಲ’ ಅಂದ, ಅದನ್ನ ಮಾರ್ಕರ್‌ನಲ್ಲಿ ಬರೆದ್ವಿ.